ಕಂಪನಿ ತಂದ ಸೊಸೆ

ಕಳೆದ ವರ್ಷ ಆಗಸ್ಟ್ ತಿಂಗಳ ಮೊದಲ ಸೋಮವಾರ, ಬೆಳಗಿನ ಪಾಳಿಗೆ ಹೊರಟಿದ್ದ ಬಸವರಾಜ ಪುಣೆ ಹತ್ತಿರದ ಚಾಕಣದ ಚೌಕದಲ್ಲಿ ಕಂಟೇನರ್ ಲಾರಿಗೆ ಸಿಕ್ಕು ತೀರಿಕೊಂಡ. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಮದುವೆಯಾಗಿರಲಿಲ್ಲ. ದೇಹೂ ರೋಡಿನ ಬಾಡಿಗೆ ಖೋಲಿಯಲ್ಲಿ ಉಳಿದವರು ಇಬ್ಬರು: ತಾಯಿ ಕಾಶೀಬಾಯಿ, ಡಿಪ್ಲೊಮಾ ಓದುತ್ತಿದ್ದ ತಮ್ಮ ಮಲ್ಲು.

ಸುದ್ದಿಮನೆಯಲ್ಲಿ ತಲೆ ನರೆಸಿಕೊಂಡವನು ನಾನು. ಯಾರು, ಎಲ್ಲಿ, ಯಾವಾಗ ಎಂಬುದನ್ನು ಮೊದಲು ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ. ನಿವೃತ್ತಿಯಾದ ಮೇಲೆ ಈ ಚಟ ಮನೆಗೂ ಬಂದಿದೆ. ಹಾಲು ಒಡೆಯಿತು ಎಂದು ಹೆಂಡತಿ ಹೇಳಿದರೆ ಎಷ್ಟು ಹೊತ್ತಿಗೆ ಎಂದು ಕೇಳುತ್ತೇನೆ. ಅವಳು ಉತ್ತರ ಕೊಡುವುದನ್ನು ಬಿಟ್ಟಿದ್ದಾಳೆ.

ಕಾಶೀಬಾಯಿ ಆಳಂದದ ಕಡೆಯವಳು. ನಿಗಡಿಯ ನಮ್ಮಂಥ ನಾಲ್ಕಾರು ಕನ್ನಡದ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾಳೆ. ಮಗ ಸತ್ತ ಮೇಲೆ ಒಂದು ತಿಂಗಳು ರೊಟ್ಟಿ ನಿಂತಿತು, ಆಮೇಲೆ ಮತ್ತೆ ಶುರುವಾಯಿತು. ಮೊದಲಿಗಿಂತ ತೆಳ್ಳಗೆ ಬರುತ್ತಿವೆ ಎಂದು ನನಗೆ ಅನಿಸಿತು.

ದೀಪಾವಳಿಯ ಹೊತ್ತಿಗೆ ಊರಿನ ಕಡೆಯ ಪತ್ರಿಕೆಯೊಂದು ತನ್ನ ಉದ್ಯಮ ಪುರವಣಿಗೆ ಒಂದು ವಿಮಾ ಕಂಪನಿಯ ಪರಿಚಯ ಬರೆದುಕೊಡಿ ಎಂದು ಕೇಳಿತು. ಸಮುದ್ರದಾಚೆಗಿನ ದೊಡ್ಡ ಕಂಪನಿ. ಅಜ್ಜಂದಿರ ಕಾಲದಲ್ಲಿ ಗಿರಣಿ ಕೂಲಿಗಳ ಮನೆಬಾಗಿಲಿಗೆ ಹೋಗಿ ವಾರವಾರ ಚಿಲ್ಲರೆ ಎತ್ತಿ ಬೆಳೆದದ್ದು. ಈಗ ಹಲವು ದೇಶಗಳಲ್ಲಿದೆ. ಒಬ್ಬೊಬ್ಬರ ಬಾಗಿಲು ತಟ್ಟುವ ಕೆಲಸ ಬಿಟ್ಟು ಇಡೀ ಕಾರ್ಖಾನೆಯನ್ನೇ ಒಮ್ಮೆಗೆ ವಿಮೆಗೆ ತೆಗೆದುಕೊಳ್ಳುತ್ತದೆ. ಖರಾಡಿಯಲ್ಲಿ ಅದರ ಗಾಜಿನ ಕಟ್ಟಡ. ಬಸವರಾಜನ ಕಾರ್ಖಾನೆಯವರ ವಿಮೆಯೂ ಅಲ್ಲಿಯೇ ಎಂಬುದು ನನಗೆ ರೊಟ್ಟಿಯ ಜೊತೆಗೆ ಬಂದ ಸುದ್ದಿ.

ಕಂಪನಿಗಳ ಪರಿಚಯ ಬರೆಯುವವನಿಗೆ ಒಂದು ಸುಖವಿದೆ, ಚಹಾ ಚೆನ್ನಾಗಿರುತ್ತದೆ. ಅಲ್ಲಿ ನನ್ನನ್ನು ಸುತ್ತಾಡಿಸಿದವಳು ಶ್ರುತಿ, ಮೈಸೂರಿನ ಹುಡುಗಿ, ಪತ್ರಕರ್ತರನ್ನು ನೋಡಿಕೊಳ್ಳುವುದು ಅವಳ ಕೆಲಸ. ‘ಈ ಒಂದ್ ಕ್ಲೈಂಟ್‌ದೇ ನಾಲ್ಕು ಸಾವಿರ ಲೈವ್ಸ್ ಇದಾವೆ ಸರ್’ ಎಂದು ಒಂದು ಕಾರ್ಖಾನೆಯ ಹೆಸರು ತೋರಿಸಿದಳು. ಆ ವ್ಯಾಪಾರದಲ್ಲಿ ಜನರನ್ನು ಎಣಿಸುವುದು ಹಾಗೆ, ತಲೆಗಳೆಂದಲ್ಲ, ಆಳುಗಳೆಂದಲ್ಲ, ಜೀವಗಳೆಂದು. ಕೇಳಲು ಹಿತವಾಗಿತ್ತು. ವಿಮೆ ಎಂಬ ಮಾತು ಪಾರಸಿಯಿಂದ ಬಂದದ್ದು, ಅದರ ಬೇರಿನಲ್ಲಿ ಭಯ ಎಂಬ ಅರ್ಥವಿದೆ ಎಂದು ನಾನು ಪಾಂಡಿತ್ಯ ತೋರಿಸಿದೆ. ಅವಳು ‘ಓ, ನೈಸ್’ ಎಂದು ಲಿಫ್ಟಿನ ಗುಂಡಿ ಒತ್ತಿದಳು.

ಆ ವಾರವೇ ಕಾಶೀಬಾಯಿ ರೊಟ್ಟಿಯ ಗಂಟು ಇಟ್ಟು, ಹೋಗದೆ ಬಾಗಿಲಲ್ಲೇ ನಿಂತಳು.

‘ಸಾಹೇಬ್ರ, ನಿಮಗ ಆ ಕಂಪನಿಯವ್ರು ಗುರ್ತ್ ಅದಾರೇನ್ರಿ? ನನ್ನ ಮಗಂದು ಲಗ್ನಾ ಆಗ್ಯಾದಂತ.’

‘ಯಾವ ಮಗಂದು?’

‘ಹೋದಂವಂದು ರೀ. ಅವನ ಹೇಣ್ತಿ ನಮ್ಮ ಮನ್ಯಾಗೇ ಅದಾಳಂತ. ಎರಡು ವರ್ಷ ಹೆಣ್ಣು ಹುಡುಕೀನಿ, ಚಪ್ಪಲ್ ಸವದ್ವು, ಒಂದೂ ಸಿಗ್ಲಿಲ್ಲ. ಕಂಪನಿಯವ್ರಿಗಿ ಹ್ಯಾಂಗ ಸಿಕ್ಳು? ಸಿಕ್ಕಿದ್ರ ಆಕೀಗಿ ಕಳಸ್ರಿ ಅನ್ರಿ. ರೊಟ್ಟಿ ಬಡ್ಯಾಕ ನನಗ ಇನ್ನೊಂದು ಕೈ ಬೇಕಾಗ್ಯಾದ.’

ನಕ್ಕಳು. ಆ ನಗು ನೋಡಲಾಗದೆ ನಾನು ಗಂಟು ಬಿಚ್ಚಲು ಹೋದೆ.

ಆದದ್ದು ಇಷ್ಟು. ಹಣ ಕೊಡುವ ಮೊದಲು ಮನೆಯವರಿಗೆ ಫೋನ್ ಮಾಡಿ ವಿಚಾರಿಸುವುದು ಕಂಪನಿಯ ಪದ್ಧತಿ. ಅದಕ್ಕಾಗಿ ಗೊತ್ತುಮಾಡಿದ ಒಬ್ಬ ಮನುಷ್ಯ ಮಲ್ಲುವಿಗೆ ಫೋನ್ ಮಾಡಿ, ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದ್ದ. ಮಲ್ಲು ‘ಮೀ ಆಣಿ ವೈನಿ’ ಎಂದಿದ್ದ. ನಾನು ಮತ್ತು ವೈನಿ. ವೈನಿ ಎಂದರೆ ಅಣ್ಣನ ಹೆಂಡತಿ. ಸತ್ತವನ ತಮ್ಮ ಹಾಗೆಂದರೆ ಸತ್ತವನಿಗೆ ಹೆಂಡತಿ ಇದ್ದಾಳೆ. ಹೆಸರು ಕೇಳುವ ಗೋಜಿಗೆ ಆತ ಹೋಗಲಿಲ್ಲ. ವಿಮೆಯ ಹಣ ತಾಯಿಗೆಂದು ಬಸವರಾಜ ಬರೆಸಿದ್ದ. ಮದುವೆಗೆ ಮೊದಲು ಹಾಗೆ ಬರೆಸಿದ್ದರೆ, ಮದುವೆಯಾದ ಮೇಲೆ ಅದನ್ನು ಮತ್ತೆ ನೋಡಬೇಕೆಂಬುದು ಅಲ್ಲಿನ ನಿಯಮವಂತೆ. ಕೆಲಸ ಅಲ್ಲಿಗೇ ನಿಂತಿತ್ತು.

ಮಲ್ಲು ಸುಳ್ಳು ಹೇಳಿರಲಿಲ್ಲ. ಕಾಶೀಬಾಯಿಯನ್ನು ಅವಳ ಮಕ್ಕಳಿಬ್ಬರೂ ಕರೆದದ್ದು ವೈನಿ ಎಂದೇ. ಆಳಂದದ ತುಂಬಿದ ಮನೆಗೆ ಹಿರಿಯ ಸೊಸೆಯಾಗಿ ಬಂದವಳು ಅವಳು. ಮೈದುನರೆಲ್ಲ ವೈನಿ ವೈನಿ ಎನ್ನುತ್ತಿದ್ದರು, ತೊಟ್ಟಿಲಲ್ಲಿದ್ದ ಕೂಸುಗಳೂ ಅದನ್ನೇ ಕಲಿತವು. ನಮ್ಮ ಕಡೆ ಇದು ಮನೆಮನೆಯ ಮಾತು. ನಾನೇ ನನ್ನ ತಂದೆಯನ್ನು ಕೊನೆಯವರೆಗೂ ಕಾಕಾ ಎಂದೇ ಕರೆದೆ. ಅವರ ಅಣ್ಣಂದಿರ ಮಕ್ಕಳಿಗೆ ಅವರು ಚಿಕ್ಕಪ್ಪ, ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೊಬ್ಬ ಬೇರೆ ಯಾಕೆ ಕರೆಯಲಿ? ಕೂಡು ಮನೆಯಲ್ಲಿ ಸ್ವಂತ ತಂದೆತಾಯಿಯನ್ನು ತನ್ನವರೆಂದು ಎತ್ತಿ ಹೇಳುವುದೇ ಒಂದು ಬಗೆಯ ನಾಚಿಕೆ. ಆಮೇಲೆ ಕಾಶೀಬಾಯಿಯ ಮನೆ ಒಡೆಯಿತು, ಮೈದುನರು ದಿಕ್ಕಿಗೊಬ್ಬರಾದರು, ಗಂಡ ಪುಣೆಗೆ ಬಂದು ಇಲ್ಲೇ ತೀರಿಕೊಂಡ. ಕರೆಯಲು ಕಲಿಸಿದವರು ಯಾರೂ ಉಳಿಯಲಿಲ್ಲ. ಕರೆ ಉಳಿಯಿತು.

ಇದನ್ನೆಲ್ಲ ನಾನು ಶ್ರುತಿಗೆ ವಿವರಿಸಿದೆ. ‘ವೈನಿ ಅಂದ್ರೆ ಅತ್ತಿಗೆ ಅಲ್ವಾ ಸರ್?’ ಎಂದು ಅವಳೂ ಮೊದಲು ಅಲ್ಲಿಯೇ ನಿಂತಳು. ಆಮೇಲೆ ತಟ್ಟನೆ, ‘ಅಯ್ಯೋ, ನಮ್ಮಪ್ಪ ತಾತನ್ನ ಅಣ್ಣ ಅಂತಿದ್ರು! ನಮ್ಮಪ್ಪಂಗೇನಾದ್ರೂ ಇವ್ರು ಫೋನ್ ಮಾಡಿದ್ರೆ ತಾತಂಗೆ ಮಕ್ಕಳೇ ಇಲ್ಲ ಅಂತ ಕ್ಲೋಸ್ ಮಾಡಿರೋರು’ ಎಂದಳು. ಒಳ್ಳೆಯ ಹುಡುಗಿ. ಅವಳ ವಿಭಾಗದ ಕೆಲಸವಲ್ಲ. ಆದರೂ ಯಾರನ್ನೋ ಹಿಡಿದು ಇನ್ನೊಮ್ಮೆ ವಿಚಾರಿಸಲು ಒಪ್ಪಿಸಿದಳು.

ಅವಸರವಿತ್ತು. ಅಣ್ಣ ಹೋದ ಮೇಲೆ ಮಲ್ಲು ಕಾಲೇಜಿಗೆ ಹೋಗಿರಲಿಲ್ಲ. ಶುಲ್ಕ ಕಟ್ಟುವವನು ಅಣ್ಣನೇ ಆಗಿದ್ದ. ಜನವರಿ ಕೊನೆಯವರೆಗೆ ಹೆಸರು ಇಟ್ಟುಕೊಳ್ಳುತ್ತೇವೆ, ಆಮೇಲೆ ತೆಗೆಯುತ್ತೇವೆ ಎಂದು ಕಾಲೇಜಿನವರು ಹೇಳಿದ್ದರು. ಕಾಶೀಬಾಯಿಗೆ ವಿಮೆಯ ಹಣ ಬೇಕಾಗಿದ್ದದ್ದು ಇದೊಂದಕ್ಕೆ. ಸತ್ತ ಮಗನ ದುಡ್ಡು ಉಣ್ಣಲಾರೆ, ಇದ್ದ ಮಗನ ಓದಿಗೆ ಹಾಕುತ್ತೇನೆ ಎಂದು ಅವಳು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು.

ಎರಡನೆಯ ಫೋನಿಗೆ ತಾಯಿಮಗ ತಯಾರಿ ನಡೆಸಿದರು. ‘ಇನ್ನ ಮ್ಯಾಲೆ ಅವ್ವ ಅನ್ನು’ ಎಂದಳು ಅವಳು. ಇವನು ‘ಅವ್ವ’ ಎಂದ, ಇಬ್ಬರಿಗೂ ನಗು ಬಂತಂತೆ. ‘ಯಾರಿಗೋ ಕರದಂಗ ಆಗ್ತದ ರೀ ಸಾಹೇಬ್ರ’ ಎಂದು ಅವಳೇ ನನಗೆ ಹೇಳಿದಳು.

ಫೋನ್ ಬಂದಾಗ ನಾನು ಅಲ್ಲಿಯೇ ಇದ್ದೆ. ಡಿಸೆಂಬರಿನ ಒಂದು ಮಧ್ಯಾಹ್ನ, ನೆಂಟರು ಬಂದಿದ್ದರಿಂದ ಹೆಚ್ಚಿನ ರೊಟ್ಟಿಗಾಗಿ ದೇಹೂ ರೋಡಿಗೆ ಹೋಗಿದ್ದೆ. ಖೋಲಿಯ ತುಂಬ ರೊಟ್ಟಿ ಬಡಿಯುವ ಸದ್ದು. ಮಲ್ಲು ಎದ್ದು ನಿಂತು, ಪಾಠ ಒಪ್ಪಿಸುವವನಂತೆ ಉತ್ತರ ಕೊಟ್ಟ. ಮನೆಯಲ್ಲಿ ಯಾರು? ಆಈ, ತಾಯಿ. ಅಣ್ಣನ ಮದುವೆ? ಆಗಿಲ್ಲ. ಹಾಗಾದರೆ ಆಈಗೆ ಫೋನ್ ಕೊಡು ಎಂದ ಆತ.

‘ಅವ್ವ’ ಎಂದ ಮಲ್ಲು.

ಕಾಶೀಬಾಯಿ ರೊಟ್ಟಿ ತಿರುವಿ ಹಾಕಿದಳು.

‘ಅವ್ವ, ಫೋನ್.’

ಅವಳು ಹಿಟ್ಟಿಗೆ ಕೈ ಹಾಕಿದಳು. ನಾನು ಕೈಸನ್ನೆ ಮಾಡಿದೆ, ಅವಳ ಬೆನ್ನು ನನ್ನ ಕಡೆಗಿತ್ತು. ಆ ಕರೆ ಅವಳದೆಂದು ಅವಳ ಕಿವಿಗೆ ಗೊತ್ತೇ ಇರಲಿಲ್ಲ. ಫೋನಿನಲ್ಲಿದ್ದವನು ಹಲೋ ಹಲೋ ಎನ್ನುತ್ತಿದ್ದ. ಅವನು ಇಟ್ಟುಬಿಟ್ಟಾನೆಂಬ ಗಾಬರಿಗೆ ಮಲ್ಲು ಕೂಗಿದ:

‘ವೈನೀ!’

ಕಾಶೀಬಾಯಿ ತಿರುಗಿದಳು. ಫೋನಿನಲ್ಲಿದ್ದವನು ‘ಆಣಿ ಹೀ ವಹಿನಿ ಕೋಣ?’ ಎಂದ. ಮತ್ತೆ ಈ ವೈನಿ ಯಾರು?

ನಾನು ಫೋನ್ ತೆಗೆದುಕೊಂಡು, ನನಗೆ ಅತಿ ಕೆಟ್ಟದಾಗಿ ಬರುವ ಮರಾಠಿಯಲ್ಲಿ, ಕೂಡು ಕುಟುಂಬದ ಮೇಲೆ ಒಂದು ಸಣ್ಣ ಭಾಷಣ ಮಾಡಿದೆ. ನೀವು ಯಾರು ಎಂದು ಕೇಳಿದ. ರೊಟ್ಟಿ ಒಯ್ಯಲು ಬಂದವನು ಎಂದೆ. ಇಂಥ ಸಾಕ್ಷಿಯ ಬೆಲೆ ಎಷ್ಟೆಂದು ಮೊದಲ ದಿನದ ವರದಿಗಾರನಿಗೂ ತಿಳಿದಿರುತ್ತದೆ.

ಈಗ ಆ ಖೋಲಿಯಲ್ಲಿ ಕಂಪನಿಯ ಲೆಕ್ಕಕ್ಕೆ ತಾಯಿಯೂ ಇದ್ದಳು, ಹೆಂಡತಿಯೂ ಇದ್ದಳು. ಹೆಂಡತಿ ಇಲ್ಲವೆಂದು ತೋರಿಸಲು ಆಳಂದದಿಂದ ವಂಶವೃಕ್ಷದ ದಾಖಲೆ ತರಬೇಕೆಂದಾಯಿತು. ಇರುವ ಮನುಷ್ಯ ಇದ್ದಾನೆಂದು ತೋರಿಸಬಹುದು, ಎದುರಿಗೆ ನಿಲ್ಲಿಸಿದರೆ ಸಾಕು. ಇಲ್ಲದವಳನ್ನು ಎಲ್ಲಿ ನಿಲ್ಲಿಸುವುದು? ಮಲ್ಲು ಆಳಂದಕ್ಕೆ ಹೋದ, ಬಂದ, ಮತ್ತೆ ಹೋದ. ದಾಖಲೆ ಕನ್ನಡದಲ್ಲಿತ್ತು, ಇಂಗ್ಲಿಷಿನಲ್ಲಿ ಬೇಕೆಂದರು. ನಾನು ಅನುವಾದಿಸಿದೆ. ಬಸವರಾಜನ ಹೆಸರಿನ ಮುಂದೆ ‘ಅವಿವಾಹಿತ’ ಎಂದಿತ್ತು, ಅದರ ಮುಂದೆ ‘ಮೃತ’. ಜೀವಮಾನವೆಲ್ಲ ಇಂಥ ಪದಗಳನ್ನು ತಿದ್ದಿ, ಕತ್ತರಿಸಿ, ಅಂಕಣಕ್ಕೆ ಕೂರಿಸಿದವನು. ಆ ಎರಡು ಪದಕ್ಕೆ ಒಂದು ಸಂಜೆ ಹಿಡಿಯಿತು.

ನಾನು ಬರೆದ ಕಂಪನಿ ಪರಿಚಯ ಅಷ್ಟರಲ್ಲಿ ಅಚ್ಚಾಗಿತ್ತು. ಜೊತೆಗೆ ಶ್ರುತಿ ಕಳಿಸಿದ ಚಿತ್ರ: ಯಾವುದೋ ದೇಶದ ತಂದೆ, ತಾಯಿ, ಎರಡು ಮಕ್ಕಳು, ಹುಲ್ಲಿನ ಮೇಲೆ. ಯಾರು ಯಾರನ್ನು ಏನೆಂದು ಕರೆಯುತ್ತಾರೆಂಬ ಸಂಶಯಕ್ಕೆ ಎಡೆಯಿಲ್ಲದಷ್ಟು ಚೊಕ್ಕ ಕುಟುಂಬ.

ಮಾರ್ಚ್ ಎರಡನೆಯ ವಾರ ಹಣ ಕಾಶೀಬಾಯಿಯ ಖಾತೆಗೆ ಜಮಾ ಆಯಿತು. ಕಾಲೇಜಿನವರು ಜನವರಿ ಕೊನೆಯ ದಿನ ಮಲ್ಲುವಿನ ಹೆಸರು ತೆಗೆದಿದ್ದರು. ಫೆಬ್ರವರಿಯಿಂದ ಅವನು ಅಣ್ಣ ದುಡಿಯುತ್ತಿದ್ದ ಕಾರ್ಖಾನೆಯಲ್ಲಿದ್ದಾನೆ. ಈ ವಾರ ಅವನಿಗೆ ಬೆಳಗಿನ ಪಾಳಿ.