ಗ್ರೂಪ್ ಅಡ್ಮಿನ್ ಮಾಲಿಂಗ ಕಾಕಾ
ಕೊಣ್ಣೂರಿನ ಸುದ್ದಿ ಗ್ರೂಪಿಗೆ ನಮ್ಮ ಓಣಿಯ ಮಾಲಿಂಗ ಕಾಕಾನೇ ಅಡ್ಮಿನ್. ನಳದಲ್ಲಿ ನೀರು ನಿಂತರೆ ಊರಿಗಿಂತ ಮೊದಲು ಅವರ ಗ್ರೂಪು ಬಾಯಾರುತ್ತದೆ. ಬೀದಿದೀಪ ಕೆಟ್ಟರೆ ಕಂಬದ ಜೊತೆ ಅವರದೊಂದು ಸೆಲ್ಫಿ ಬರುತ್ತದೆ. "ಪ್ರಶ್ನಾ ಕೇಳಾಕ ಧಮ್ ಬೇಕ್ರಿ" ಎನ್ನುತ್ತಾರೆ. ನಿನ್ನೆ, ಗಟಾರಕ್ಕೆ ಕಸ ಸುರಿಯುತ್ತಿದ್ದ ಮುದುಕಿಯೊಬ್ಬಳ ಬೆನ್ನಿನ ಫೋಟೋ ಯಾರೋ ಕಳಿಸಿದ್ದರು. ಕಾಕಾ ಅದಕ್ಕೆ ಕೆಂಪು ಗೆರೆ ಸುತ್ತಿ, "ಈಕಿಗೆ ನಾಚಿಕಿ ಇಲ್ಲೇನ್ರಿ?" ಎಂದು ಹಾಕಿದರು. "ಮಾರಿ ತೋರಸ್ರಿ ಕಾಕಾ, ಶಾಲ ಹಾಕಿ ಸತ್ಕಾರ ಮಾಡೂಣು" ಎಂದು ಜನ ಮುಗಿಬಿದ್ದರು. ಕಟ್ಟೆಯ ಮೇಲೆ ನಗುತ್ತ ಓದುತ್ತಿದ್ದ ಕಾಕಾನ ಹೆಗಲ ಮೇಲಿಂದ ಅವರ ತಾಯಿ ಶೆಟ್ಟೆವ್ವ ಇಣುಕಿದಳು. ಓದು ಬಾರದ ಆಕೆಯ ಮುಖ ಅರಳಿತು. "ಅಯ್ಯ, ಇದು ನಾನ ಅಲ್ಲೇನೋ! ನನ್ನ ಫೋಟೋ ಯಾವಾಗ ತಗದಿ ಮಗಾ? ಕೆಳಗ ಏನ ಬರದಾರ, ಓದು." ಕಾಕಾ ಮೊಬೈಲನ್ನು ತೊಡೆಯ ಮೇಲೆ ಮಗುಚಿಟ್ಟರು. "ಆರಾಮ ಅದಾಳೇನು ಅಂತ ಕೇಳ್ಯಾರವ್ವ" ಎಂದರು, ಆಕೆಯ ಮುಖ ನೋಡದೆ.