ಹೆಸರಿಲ್ಲದ ಚೀಲ

ಮಗಳು ಶಿಕ್ಷಕಿಯಾಗಿ ಕೆಲಸಕ್ಕೆ ಸೇರುವ ಮುನ್ನ ಒಳ್ಳೆಯ ಚೀಲವೊಂದನ್ನು ಕೊಡಿಸಲು ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದೆ. ಕಂಪನಿಯ ಹೆಸರನ್ನು ಮೆರೆಸುವ ಚೀಲವನ್ನು ನಾನು ಎಂದಿಗೂ ಕೊಳ್ಳುವವನಲ್ಲ. ಅವಳು ಕೇಳಿದರೆ ಹೇಳಬೇಕಾದ ಮಾತುಗಳನ್ನು ನಮ್ಮೂರು ನವಲಗುಂದದಲ್ಲೇ ಕ್ರಮವಾಗಿ ಸಿದ್ಧಪಡಿಸಿಕೊಂಡಿದ್ದೆ.

ಅಂಗಡಿಯವನು ಅಂಥದ್ದನ್ನೇ ಅವಳ ಕೈಗಿತ್ತ. ಅದರ ಮೇಲೆ ಅಂಗೈ ಅಗಲದ ಇಂಗ್ಲಿಷ್ ಅಕ್ಷರಗಳಿದ್ದವು.

"ಫಾರಿನ್ ಹೆಸರ್ರಿ ಸರ. ಮಂದಿ ಹೊಳ್ಳಿ ನೋಡ್ತಾರ."

ಮಗಳು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ನಾನು ಗಂಟಲು ಸರಿಪಡಿಸಿಕೊಂಡೆ.

ಅಷ್ಟರಲ್ಲಿ ಅವನು, ಹಿಡಿಕೆ ಹರಿದ ಅವಳ ಹಳೆಯ ಜಮಖಾನದ ಚೀಲವನ್ನು ಒಳಗೂ ಹೊರಗೂ ತಿರುವಿ ನೋಡಿ, "ಇದಕ್ಕ ಹೆಸರ ಇಲ್ಲಲ್ಲ ತಂಗಿ?" ಎಂದು ನಕ್ಕ.

"ಅದರಾಗಿನ ನವಿಲ ನೋಡ್ರಿ, ಕುತ್ತಿಗಿ ಹಿಂದಕ್ಕ ಹೊಳ್ಳಿಸೇತಿ. ಹಂಗ ನೇಯಾಕಿ ನಮ್ಮ ಬಾಜೂಮನಿ ಫಾತಿಮಾ ಚಾಚಿ ಒಬ್ಬಾಕಿನ. ನಮ್ಮೂರಾಗ ಯಾರನ್ನ ಕೇಳಿದ್ರೂ ಹೇಳ್ತಾರ. ನಿಮ್ಮ ಚೀಲಾ ಮಾಡಿದವರು ಯಾರ್ರಿ?" ಎಂದು ಮಗಳು ಕೇಳಿದಳು.

ಅವಳು ಹೊಸ ಚೀಲವನ್ನು ಮೇಜಿನ ಮೇಲಿಟ್ಟು, "ಹೋಗೂಣು ನಡೀರಿ ಅಪ್ಪಾ. ಇದಕ್ಕ ಹಿಡಿಕಿ ಹೊಲಿಸಿದ್ರ ಆತು" ಎಂದಳು.

ಮೂವತ್ತು ವರ್ಷ ಪಾಠ ಹೇಳಿದ ನಾನು, ಅಂದು ಸಿದ್ಧಪಡಿಸಿದ್ದ ಪಾಠವನ್ನು ಹೇಳದೆಯೇ ಮರಳಿ ತಂದೆ. ಬಸ್ಸಿನಲ್ಲಿ ಆ ಹರಿದ ಚೀಲವನ್ನು ನನ್ನ ತೊಡೆಯ ಮೇಲೆಯೇ ಇಟ್ಟುಕೊಂಡೆ. ನವಿಲು ಮಂದಿಗೆ ಸರಿಯಾಗಿ ಕಾಣುವಂತೆ.