ಅವ್ವನ ಮೊರದಿಂದ ತೆಗೆದ ಎಲೆ

ತಮ್ಮ ವಾಟ್ಸಾಪಿನಲ್ಲಿ ಕಳಿಸಿದ್ದು ಎರಡೇ ಸಾಲು. ಭಾನುವಾರ ಗುಬ್ಬಿಗೆ ಬಾ, ಅವ್ವನ ಹಿತ್ತಲಲ್ಲಿ ಕಳೆ ಜಾಸ್ತಿಯಾಗಿದೆ, ಸ್ವಲ್ಪ ಕೈ ಜೋಡಿಸು ಎಂದು. ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ನನಗೆ ಆಗಷ್ಟೇ ಕಲಿಸಿದ್ದಳು. ‘ಬರ್ತೀನಿ’ ಎಂದು ಬರೆಯುವುದರೊಳಗೆ ಪಕ್ಕದಲ್ಲಿದ್ದ ಕಾಫಿ ಆರಿಹೋಯಿತು. ಅಷ್ಟರಲ್ಲಿ ಅವನೇ ಫೋನ್ ಮಾಡಿ ನಿಜವಾದ ವಿಷಯ ಹೇಳಿದ.

ಅವ್ವನಿಗೆ ಎಂಬತ್ತೇಳು. ಇರುವುದು ತಮ್ಮನ ಮನೆಯಲ್ಲೇ. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಮಂಜುಮಂಜಾಗಿ ಕಾಣುತ್ತದೆ. ಆದರೂ ದಿನಾ ಬೆಳಗ್ಗೆ ಹಿತ್ತಲಿಗೆ ಹೋಗಿ ಸೊಪ್ಪು ಕುಯ್ದು ತಂದು ಸಾರಿಗೆ ಕೊಡುತ್ತಾಳೆ. ಒಂದಲ್ಲ ಒಂದು ದಿನ ಯಾವುದೋ ವಿಷದ ಎಲೆ ಕುಯ್ದು ತರುತ್ತಾಳೆ, ಮನೆಮಂದಿಯೆಲ್ಲ ಆಸ್ಪತ್ರೆ ಸೇರುತ್ತೇವೆ ಎಂಬುದು ತಮ್ಮನ ಭಯ. ಹಿತ್ತಲಿಗೆ ಪೂರ್ತಿ ಸಿಮೆಂಟ್ ಹಾಕಿಸಲು ಗಾರೆಯವನಿಗೂ ಹೇಳಿಬಿಟ್ಟಿದ್ದ. ಅವ್ವನಿಗೆ ಮಾತ್ರ ಹೇಳಿರಲಿಲ್ಲ. ಆ ಕೆಲಸ ನನ್ನದು. ನನ್ನ ಮಾತಾದರೆ ಅವ್ವ ಕೇಳುತ್ತಾಳಂತೆ. ಅರವತ್ತೆಂಟು ವರ್ಷದಲ್ಲಿ ಒಂದು ಸಲವಾದರೂ ಕೇಳಿದ್ದು ನನಗಂತೂ ನೆನಪಿಲ್ಲ.

ಭಾನುವಾರ ನಾನಿರುವ ಬಟವಾಡಿಯಿಂದ ಸಿಟಿ ಬಸ್ಸು ಹಿಡಿದು ಸ್ಟ್ಯಾಂಡಿಗೆ ಹೋಗಿ, ಗುಬ್ಬಿ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಕೂತೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಜಾರಿ ಬೀಳುತ್ತೀಯ ಅನ್ನಲೇ, ಹಾವು ಬರುತ್ತದೆ ಅನ್ನಲೇ, ಡಾಕ್ಟರ್ ಹೇಳಿದರು ಅನ್ನಲೇ ಎಂದು. ಡಾಕ್ಟರ ಮೇಲೆ ಹಾಕುವುದೇ ವಾಸಿ ಅನ್ನಿಸಿತು.

ನಾನು ಹೋದಾಗ ಅವ್ವ ಹಿತ್ತಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು. ತಿರುಗಿ ನೋಡಲೂ ಇಲ್ಲ.

“ಬಾ. ಚಪ್ಪಲಿ ಎಳ್ಕೊಂಡು ಬರೋ ಸದ್ದಿಗೇ ಗೊತ್ತಾಯ್ತು. ಮೊಮ್ಮಕ್ಳು ಬಂದ್ರೂ ಕಾಲೆತ್ತಿ ನಡೆಯೋದು ಕಲೀಲಿಲ್ಲ ನೀನು.”

ಅವಳು ಸ್ನಾನಕ್ಕೆ ಒಳಗೆ ಹೋದಳು. ಅವಳು ಬರುವುದರೊಳಗೆ ಕೆಲಸ ಮುಗಿಸಿ ಮೆಚ್ಚಿಸಿಬಿಟ್ಟರೆ ಸಿಮೆಂಟಿನ ಮಾತು ಎತ್ತುವುದು ಸುಲಭ ಎಂದು ನಾನು ಸೀರೆ ಎತ್ತಿ ಸಿಕ್ಕಿಸಿದೆ. ಮಳೆ ಶುರುವಾಗಿ ಹದಿನೈದು ದಿನವಾಗಿತ್ತು, ಮಣ್ಣು ಮೆತ್ತಗಿತ್ತು. ಬಾಗಿಲ ಪಕ್ಕದ ದೊಡ್ಡ ಪಾತಿಯಲ್ಲಿ ಮೂರು ಬದನೆ ಗಿಡ, ನಾಲ್ಕು ಮೆಣಸಿನ ಗಿಡ ಬಿಟ್ಟರೆ ಮಿಕ್ಕಿದ್ದೆಲ್ಲ ಕಳೆ. ಕೈಗೆ ಸಿಕ್ಕಿದ್ದನ್ನೆಲ್ಲ ಬೇರು ಸಮೇತ ಕಿತ್ತು ಗುಡ್ಡೆ ಹಾಕಿದೆ. ಮುಕ್ಕಾಲು ಗಂಟೆಯಲ್ಲಿ ಪಾತಿ ಸಾರಿಸಿದ ನೆಲದ ಹಾಗಾಯಿತು. ಸೊಂಟ ಹಿಡಿದುಕೊಂಡರೂ ನನಗೆ ಹೆಮ್ಮೆಯೋ ಹೆಮ್ಮೆ.

ಅವ್ವ ಬಂದು ಬಗ್ಗಿ ಪಾತಿಯ ಮೇಲೆ ಅಂಗೈ ಆಡಿಸಿದಳು. ಈ ಕಡೆಯಿಂದ ಆ ಕಡೆಗೊಮ್ಮೆ, ಆ ಕಡೆಯಿಂದ ಈ ಕಡೆಗೊಮ್ಮೆ.

“ಇಲ್ಲಿದ್ದದ್ದೆಲ್ಲ ಎಲ್ಲೇ?”

“ಕಳೆ ಅಲ್ವಾ ಅವ್ವ, ಕಿತ್ತಾಕ್ದೆ.”

“ಮದ್ಯಾನ್ನ ಸಾರಿಗೆ ಏನ್ ಹಾಕ್ತೀಯ? ನಿನ್ ಬಟವಾಡಿ ಮಣ್ಣಾ?”

ಆಗ ನನಗೆ ಹೊಳೆಯಿತು. ಆ ಪಾತಿಯಲ್ಲಿ ಬೆಳೆಯೇ ಅದು. ಬೆರಕೆ ಸೊಪ್ಪು. ಬಿತ್ತದೆ ತಾನಾಗಿ ಹುಟ್ಟುವ ಏಳೆಂಟು ಬಗೆಯ ಸೊಪ್ಪನ್ನು ಒಂದೊಂದು ಹಿಡಿ ಸೇರಿಸಿ ಬೇಯಿಸುವುದು. ಬದನೆ, ಮೆಣಸು ನಡುವೆ ಸುಮ್ಮನೆ ಬಂದು ಕೂತ ನೆಂಟರು. ಹುಲಿಯೂರುದುರ್ಗದ ಹತ್ತಿರದ ತನ್ನ ತವರಿನಲ್ಲಿ, ರಾಗಿ ಹೊಲದ ಸಾಲಿನಲ್ಲಿ, ಅವ್ವ ನನಗೆ ಇವನ್ನೇ ಕೈಹಿಡಿದು ಗುರುತು ಹಿಡಿಸಿದ್ದಳು. ಮೂವತ್ತು ವರ್ಷದಿಂದ ಕಟ್ಟು ಕಟ್ಟಿದ ದಂಟು, ಮೆಂತ್ಯ, ಪಾಲಕ್ ಕೊಂಡು ತಿಂದ ನನ್ನ ಎರಡು ಒಳ್ಳೆಯ ಕಣ್ಣು, ಮೇಲೊಂದು ಕನ್ನಡಕ, ಅಷ್ಟನ್ನೂ ಕಳೆ ಎಂದು ತೀರ್ಮಾನ ಮಾಡಿದ್ದವು.

ಅವ್ವ ಗುಡ್ಡೆಯನ್ನು ಹತ್ತಿರ ಎಳೆದು ಒಂದು ಮೊರ ಕೊಡು ಎಂದಳು. ಕೊಟ್ಟೆ. ತಮ್ಮನೂ ಬಂದು ಬಾಗಿಲಿಗೆ ಒರಗಿ ನಿಂತ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವ್ವನಿಗೆ ಇನ್ನೂ ಗುರುತು ಸಿಗುತ್ತದೋ ಇಲ್ಲವೋ, ಅದು ಈಗ ಇಲ್ಲೇ ಗೊತ್ತಾಗುವುದಿತ್ತು.

ಅವ್ವ ಒಂದೊಂದೇ ಗಿಡ ಎತ್ತಿ, ಎಲೆಯ ಬೆನ್ನು ಸವರಿ, ಕಾಂಡ ಉಜ್ಜಿ, ಮೂಗಿಗೆ ಹಿಡಿದು ಹೆಸರು ಹೇಳುತ್ತಾ ಹೋದಳು. ಅಣ್ಣೆ ಸೊಪ್ಪು. ಹೊನಗೊನೆ. ಗೋಣಿ ಸೊಪ್ಪು. ಇದು ಗರಿಕೆ, ಬಿಸಾಕು. ಇದು ಪಾರ್ಥೇನಿಯಂ, ಮುಟ್ಟಿದ ಕೈ ತೊಳಕೋ. ಕುಡಿ ಚಿವುಟಿ ಮೊರಕ್ಕೆ, ಬೇರು ಈ ಕಡೆಗೆ. ತಪ್ಪೇ ಇಲ್ಲ. ತಮ್ಮನ ಮುಖ ಮೆಲ್ಲಗೆ ಸಡಿಲವಾಯಿತು. ನನಗೂ ಉಸಿರು ಬಂತು. ಅವ್ವನಿಗೆ ನಾವು ಇಬ್ಬರೂ ನೋಡುತ್ತಿರುವುದು ಗೊತ್ತಿತ್ತೆಂದು ಕಾಣುತ್ತದೆ, ಹೆಸರನ್ನು ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದಳು. ನಡುವೆ ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿದಳು.

ಗಣಿಕೆ, ಅಂದಳು. ಮೊರಕ್ಕೆ ಹಾಕಿದಳು. ಗಣಿಕೆ. ಮತ್ತೊಂದು ಗಣಿಕೆ. ಅದರ ಮುಂದಿನದನ್ನೂ ಮೂಗಿಗೆ ಹಿಡಿದು ಗಣಿಕೆ ಎಂದೇ ಹಾಕಿದಳು.

ಅದು ಗಣಿಕೆಯಲ್ಲ. ಉಮ್ಮತ್ತಿ, ಬರೀ ವಿಷ. ಚಿಕ್ಕ ಸಸಿಯಿದ್ದಾಗ ಎರಡೂ ಹೆಚ್ಚುಕಡಿಮೆ ಒಂದೇ ಥರ. ವಾಸನೆಯಲ್ಲಿ ಗೊತ್ತಾಗಬೇಕು, ಆದರೆ ಮೂಗಿನ ತುಂಬ ನಶ್ಯ. ಬೇರೇನೂ ಗುರುತು ಹಿಡಿಯದ ನನಗೆ ಅದೊಂದು ಮಾತ್ರ ಹೇಗೆ ಕಂಡಿತೋ. ಚಿಕ್ಕಂದಿನಲ್ಲಿ ಅದನ್ನು ಕಿತ್ತು ತಂದಿದ್ದಕ್ಕೆ ಅವ್ವನ ಕೈಯಲ್ಲಿ ಬೆನ್ನಿಗೆ ಬಿದ್ದಿದ್ದು ನೆನಪಿದ್ದಿರಬೇಕು.

ತಮ್ಮ ಆಗ ಫೋನ್ ನೋಡುತ್ತಿದ್ದ. ನಾನು ಕೆಮ್ಮಿದೆ, ಬಳೆ ಸದ್ದು ಮಾಡಿದೆ, ಮೊರದ ಸೊಪ್ಪು ಹರಡುವವಳ ಹಾಗೆ ಕೈ ಹಾಕಿ ಆ ಕುಡಿಯನ್ನು ಎತ್ತಿ ಸೆರಗಿನ ಕೆಳಗಿಂದ ಕಳೆಯ ಗುಡ್ಡೆಗೆ ಹಾಕಿದೆ. ಅದರ ಮೇಲೆ ಒಂದು ಹಿಡಿ ಗರಿಕೆ ಮುಚ್ಚಿದೆ. ಆಮೇಲೆ ಮೊರದಲ್ಲಿದ್ದದ್ದನ್ನು ಒಂದೊಂದೇ ಎಲೆ ತಿರುಗಿಸಿ ನೋಡಿದೆ. ಬೇರೆ ಇರಲಿಲ್ಲ.

ಎಲ್ಲ ಸರಿಯಿದೆಯಾ ಅಕ್ಕ ಎಂದು ತಮ್ಮ ಕೇಳಿದ. ಸರಿಯಿದೆ ಕಣೋ ಎಂದೆ. ಸುಳ್ಳಲ್ಲ. ಅವನು ಕೇಳುವ ಹೊತ್ತಿಗೆ ಸರಿಯಾಗಿತ್ತು.

ತಮ್ಮನ ಹೆಂಡತಿ ಅದನ್ನೇ ತೊಗರಿಬೇಳೆ ಹಾಕಿ ಮಸ್ಸೊಪ್ಪು ಮಾಡಿದಳು, ಮುದ್ದೆ ಕಟ್ಟಿದಳು. ತಮ್ಮ ಎರಡು ಸಲ ಸಾರು ಹಾಕಿಸಿಕೊಂಡ. ಸಿಮೆಂಟು ಬಾಗಿಲಿಂದ ನಲ್ಲಿಯವರೆಗೆ ಒಂದು ದಾರಿಗೆ ಸಾಕು, ಅವ್ವ ಜಾರದ ಹಾಗೆ ಎಂದು ತಾನಾಗಿಯೇ ಹೇಳಿದ. ಅವ್ವನ ಹಿತ್ತಲು ಉಳಿಯಿತು, ನಾನು ಗೆದ್ದಿದ್ದೆ. ಆದರೆ ನಾಳೆ ಬೆಳಗ್ಗೆ ಕೆಮ್ಮುವುದಕ್ಕೆ ನಾನು ಇಲ್ಲಿರುವುದಿಲ್ಲವಲ್ಲ ಎಂಬುದೊಂದೇ ಯೋಚನೆ. ಹೊರಡುವ ಮೊದಲು ತಮ್ಮನಿಗೆ ಹೇಳಲೇಬೇಕು ಎಂದುಕೊಂಡೆ. ಹೇಳಿದರೆ ಹಿತ್ತಲು ಹೋಗುತ್ತದೆ. ಹೇಳದಿದ್ದರೆ ಏನು ಹೋಗುತ್ತದೋ.

ಕಿತ್ತ ಪಾತಿಗೆ ನೀರು ಹಾಕಲು ಸಾಯಂಕಾಲ ನಾವಿಬ್ಬರೇ ಹಿತ್ತಲಿಗೆ ಹೋದೆವು. ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡು ನಿಂತಿದ್ದಳು.

“ಬೆಳಗ್ಗೆ ಮೊರದಿಂದ ಎತ್ತಾಕ್ದಲ್ಲ, ಯಾವ್ದು ಅದು?”

ನನ್ನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು.

“ನಿಂಗೆ ಕಾಣಲ್ಲ ಅಂತಾರಲ್ಲ ಅವ್ವ.”

“ಕೆಮ್ಮು ಕಾಣಬೇಕಾ? ಹೇಳು.”

“ಉಮ್ಮತ್ತಿ.”

“ಎಷ್ಟಿತ್ತು?”

“ಒಂದೇ.”

ಅವಳು ಹಿಡಿದ ಕೈ ಬಿಗಿಯಾಯಿತು. ಒಂದೇ ಸಾಕು ಕಣೇ, ಎಂದಳು. ನಾನು ಸಮಾಧಾನ ಹೇಳಲು ಹೋದೆ, ನಶ್ಯದಿಂದ ಹಾಗಾಯಿತು ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಕಾಂಪೌಂಡಿನ ಪಕ್ಕ ಇನ್ನೂ ಐದಾರು ಗಣಿಕೆ ಇವೆ, ಅದರ ಥರ ಕಾಣುವ ಎಲ್ಲವನ್ನೂ ಬೇರು ಸಮೇತ ತೆಗೆ ಎಂದಳು. ತನ್ನ ಕೈಯಲ್ಲಿ ಇನ್ನು ಗಣಿಕೆ ಕುಯ್ಯುವುದಿಲ್ಲವಂತೆ. ಮಿಕ್ಕಿದ್ದಕ್ಕೆ ಬೆರಳು ಸಾಕಂತೆ. ಆಮೇಲೆ ಒಳಗಿದ್ದ ಸೊಸೆಯನ್ನು ಕೂಗಿ ಕರೆದಳು.

“ಬೆಳಗ್ಗೆ ಗಣಿಕೆ ಅಂತ ಉಮ್ಮತ್ತಿ ಹಾಕ್ಬಿಟ್ಟಿದ್ದೆ. ನಾಳೆಯಿಂದ ನಾನು ಕುಯ್ತೀನಿ, ನೀನು ನೋಡಿ ಪಾತ್ರೆಗೆ ಹಾಕು. ಗೊತ್ತಾಗ್ದಿದ್ರೆ ಕಲ್ಸ್ತೀನಿ. ನಿನ್ ಗಂಡನಿಗೆ ಈ ವಿಷ್ಯ ನೀನೇ ಹೇಳು. ನನ್ ಮಗಳಿಗೆ ಹೇಳಕ್ಕೆ ಬಾಯಿಲ್ಲ, ಬರೀ ಕೆಮ್ತಾಳೆ.”

ತಮ್ಮನ ಹೆಂಡತಿ ಹೇಳಿದಳು. ತಮ್ಮ ಹಿತ್ತಲಿಗೆ ಬಂದ. ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದ. ಆಮೇಲೆ ಗುದ್ದಲಿ ತಗೊಂಡು ಉಮ್ಮತ್ತಿ ಎಲ್ಲೆಲ್ಲಿದೆ ತೋರಿಸು ಎಂದ. ಸಿಮೆಂಟಿನ ಮಾತು ಎತ್ತಲಿಲ್ಲ.

ಕಿತ್ತದ್ದರಲ್ಲಿ ತನ್ನ ಪರೀಕ್ಷೆಗೆಂದು ಅವ್ವ ಬೆರಳಲ್ಲಿ ಆರಿಸಿದ ಮೂರು ಗಣಿಕೆ ಸಸಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನಮ್ಮ ಮಹಡಿಯ ಒಡೆದ ಬಕೆಟ್ಟಿನಲ್ಲಿ ನೆಟ್ಟೆ. ಈ ಸಲ ಆರಿಸುವಾಗ ಅವಳು ನಶ್ಯ ಏರಿಸಿರಲಿಲ್ಲ. ದಿನಾ ಫೋನ್ ಮಾಡಿ ಹೂ ಬಿಟ್ಟಿತಾ ಎಂದು ಕೇಳುತ್ತಿದ್ದಳು. ಉಮ್ಮತ್ತಿಯಾಗಿದ್ದರೆ ಕಹಳೆಯಂಥ ದೊಡ್ಡ ಹೂ ಬಿಡಬೇಕು, ಗಣಿಕೆಯದು ಪುಟ್ಟದು. ಮೊನ್ನೆ ಬಿಟ್ಟಿತು.

“ಎಷ್ಟು ದೊಡ್ಡದು?”

“ಮೂಗುಬೊಟ್ಟಿನಷ್ಟು. ಬಿಳೀದು.”

“ಮೂರ್ರಲ್ಲೂ?”

“ಮೂರ್ರಲ್ಲೂ ಅವ್ವ.”

ಆ ಕಡೆ ನಶ್ಯದ ಡಬ್ಬಿಯ ಮುಚ್ಚಳ ತೆಗೆದದ್ದು ಕೇಳಿಸಿತು.